ಒಲೆಗೆ ಹೋಗದ ಬೆಂಚು

ಶಹಾಬಾದಿನ ನಮ್ಮ ಮನೆ ಪಾಲಾದಾಗ ಮೊದಲು ಆರಿಸುವ ಹಕ್ಕು ಹಿರಿಯರದು ಎಂದರು. ಅಂದರೆ ನನ್ನ ಗಂಡನ ಅಣ್ಣನದು; ಅಂದರೆ ಆತನ ಹೆಂಡತಿಯದು. ನನ್ನ ಆ ನೆಗೆಣ್ಣಿ ತಿಜೋರಿ, ಪಲ್ಲಂಗ, ತಾಮ್ರದ ಹಂಡೆ ಎಲ್ಲ ಆರಿಸಿಕೊಂಡ ಮೇಲೆ ಅಂಗಳದಲ್ಲಿ ಉಳಿದದ್ದು ಮಾವನವರ ಸಾಗವಾನಿ ಬೆಂಚು. ಮಳೆ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿ ಸೀಳು ಬಿಟ್ಟಿತ್ತು. ಮಂದಿಯೆಲ್ಲ ಕೇಳುವಂತೆ ಆಕೆ ಹೇಳಿದಳು:

"ಒಲಿಗಿ ಹಾಕು ತಂಗಿ, ಎರಡು ದಿನದ ಅಡಿಗಿ ಆಗ್ತದ."

ಆಗ ನಕ್ಕವರು ಯಾರು ಯಾರು ಎಂಬುದು ನನಗೆ ಇಂದಿಗೂ ನೆನಪಿದೆ.

ನಮ್ಮ ಕಡೆ ಬಂದವರು ಮೊದಲು ಹೊರಗೇ ಕೂಡುತ್ತಾರೆ. ಕೂಡಲು ಜಾಗವಿಲ್ಲದ ಬಾಗಿಲಿಗೆ ಯಾರೂ ಬರುವುದಿಲ್ಲ. ಒಂದೇ ಅಂಗಳಕ್ಕೆ ಈಗ ಆಕೆಯದೊಂದು, ನನ್ನದೊಂದು ಬಾಗಿಲು; ಆ ಬೆಂಚು ಹೋದರೆ ನನ್ನ ಬಾಗಿಲು ಆಕೆಯ ಹಿತ್ತಿಲಾಗಿಬಿಡುತ್ತಿತ್ತು. ಉಳಿಸಿಯೇ ತೀರುತ್ತೇನೆ, ಅದರ ಮೇಲೆ ಆಕೆಯನ್ನೇ ಕೂಡಿಸುತ್ತೇನೆ ಎಂದು ಹಟ ತೊಟ್ಟೆ.

ಗಾಣದಿಂದ ಅಗಸೆ ಎಣ್ಣೆ ತಂದೆ. ಮೊದಲ ಸಲ, ಬಾಣಂತಿಗೆ ಹಚ್ಚಿದ ಹಾಗೆ ಸುರಿದು ಹಚ್ಚಿದೆ. ಎಣ್ಣೆ ಹೆಚ್ಚಾದಷ್ಟೂ ಒಳ್ಳೆಯದೆಂಬ ನಮ್ಮವರ ಬುದ್ಧಿ. ಮೇಲೆ ಉಳಿದದ್ದು ಅಂಟಾಗಿ, ನೆಲಕ್ಕೆ ಹಾಸುವ ಪರ್ಸಿ ಕಲ್ಲು ಕೊಯ್ಯುವ ಕಡೆಯಿಂದ ಹಾರಿ ಬಂದ ಧೂಳೆಲ್ಲ ಅದಕ್ಕೆ ಹಿಡಿದುಕೊಂಡಿತು. ಅಂಗಳದ ಆಚೆಯ ಬಾಗಿಲಲ್ಲಿ ನೆಗೆಣ್ಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಹಲ್ಲು ಕಡಿದುಕೊಂಡು ಗಾಜಿನ ಚೂರಿನಿಂದ ಅಷ್ಟನ್ನೂ ಕೆರೆದೆ. ಆಮೇಲೆ ತೆಳ್ಳಗೆ ಸವರಿದೆ, ಮರ ಕುಡಿದು ಉಳಿಸಿದ್ದನ್ನು ಹಳೆ ಧೋತರದಿಂದ ಒರೆಸಿದೆ, ಒಣಗಲು ಬಿಟ್ಟು ಮತ್ತೆ ಸವರಿದೆ. ಎಣ್ಣೆಯ ಚಿಂದಿಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳುತ್ತದೆ. ಅದಕ್ಕೇ ಬಿಡಿಸಿ ಒಣಹಾಕುತ್ತಿದ್ದೆ. ನನ್ನ ಸಿಟ್ಟನ್ನು ಮಾತ್ರ ಮುದ್ದೆಯಾಗಿಯೇ ಇಟ್ಟುಕೊಂಡೆ.

ಪ್ರತಿ ಮಳೆಗಾಲದ ಮುಂಚೆ ಎಣ್ಣೆ ಬಿದ್ದು ಬೆಂಚು ಜೇನಿನ ಬಣ್ಣಕ್ಕೆ ಬಂತು. ಓಣಿಯ ಮುದುಕರು ನನ್ನ ಬಾಗಿಲಿಗೆ ಬರತೊಡಗಿದರು. ನೆಗೆಣ್ಣಿಗೆ ತಡೆಯಲಾಗಲಿಲ್ಲ, ತನ್ನ ಬಾಗಿಲಿಗೆ ಪರ್ಸಿಯ ಕಟ್ಟೆ ಕಟ್ಟಿಸಿದಳು. ಕಲ್ಲಿಗೆ ಎಣ್ಣೆಯೂ ಬೇಡ, ಒರೆಸುವುದೂ ಬೇಡ ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು.

ಈ ಬೇಸಿಗೆಯಲ್ಲಿ ಆಕೆಯ ಮಗಳನ್ನು ನೋಡಲು ಆಡಕಿ ಊರಿನಿಂದ ಗಂಡಿನ ಕಡೆಯವರು ಬಂದರು. ಸಂಜೆಯಾಗಿದ್ದರೂ ಕಟ್ಟೆ ರೊಟ್ಟಿ ಹಂಚಿನಂತೆ ಕಾದಿತ್ತು. ಹುಡುಗನ ತಾಯಿ ಕೂತವರೇ ಎದ್ದರು. ಒಳಗೆ ಕರೆಂಟ್ ಇರಲಿಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವವಳು ನಾನಲ್ಲ. ಅವರನ್ನು ಕರೆದು ನನ್ನ ಬೆಂಚಿನ ಮೇಲೆ ಕೂಡಿಸಿದೆ. ಆಕೆಯ ಮಗಳ ಮದುವೆಯ ಮಾತು ನನ್ನ ಬಾಗಿಲಲ್ಲಿ ನಡೆಯಿತು. ಹುಡುಗನ ತಾಯಿ ಮರದ ಮೇಲೆ ಕೈಯಾಡಿಸಿ, ಇದಕ್ಕೆ ಏನು ಹಚ್ಚುತ್ತೀರಿ ಎಂದು ಕೇಳುತ್ತಿರುವಾಗಲೇ ನೆಗೆಣ್ಣಿ ಚಹಾ ಹಿಡಿದು ಅಂಗಳ ದಾಟಿ ಬಂದಳು. ಅವರು ಸರಿದು ಜಾಗ ಮಾಡಿದರು.

"ಕುಂದ್ರಿ ಅಕ್ಕಾ," ಅಂದೆ. "ಒಲಿಗಿ ಹಾಕಿಲ್ಲ, ಇನ್ನಾ ಅದ."

ಬಂದವರ ಮುಂದೆ ಒಲ್ಲೆ ಅನ್ನುವಂತಿರಲಿಲ್ಲ. ಮುಖ ಕೆಳಗೆ ಹಾಕಿ ತುದಿಯಲ್ಲಿ ಕೂತಳು. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಸಂಬಂಧ ಕುದುರಿತು. ಮರುದಿನ ಬೆಳಿಗ್ಗೆ, ಆಕೆ ಕೂತಿದ್ದ ತುದಿಯಿಂದಲೇ ಶುರುಮಾಡಿ, ಬೆಂಚಿಗೆಲ್ಲ ಒಂದು ಕೈ ಎಣ್ಣೆ ಸವರಿ ಒರೆಸಿದೆ. ಮದುವೆಗೆ ಇನ್ನೂ ಬಹಳ ಮಂದಿ ಬರುವವರಿದ್ದರು.