ಇಲಿಗಳ ಪಾಲಿನ ಹಬ್ಬದ ಪೈರು

ಶಿರಾಜಿನ ನಮ್ಮ ಓಣಿಯ ತೂಬಾ ಖಾನುಮ್ ಒಂದು ಪ್ರಯೋಗಶಾಲೆಯಲ್ಲಿ ಇಲಿಗಳನ್ನು ನೋಡಿಕೊಳ್ಳುತ್ತಿದ್ದರು. ಓಣಿಯ ಹೆಂಗಸರು ಮೂಗು ಮುರಿದರೆ, "ನಿಮ್ಮ ಗಂಡಂದಿರಿಗಿಂತ ಶುಚಿ ಕಣ್ರೇ. ಉಂಡ ಮೇಲೆ ಮೀಸೆನಾದ್ರೂ ಒರೆಸ್ಕೊಳ್ತಾವೆ" ಎನ್ನುತ್ತಿದ್ದರು.

ನನ್ನ ಹಳೆಯ ವಿದ್ಯಾರ್ಥಿನಿ ಫರ್ನೂಷ್ ಅಲ್ಲಿಯೇ ಸಂಶೋಧಕಿ. ರಕ್ತದಲ್ಲಿ ಹರಿದುಹೋಗಿ ಕ್ಯಾನ್ಸರ್ ಗಡ್ಡೆಗೆ ಮಾತ್ರ ಅಂಟಿಕೊಳ್ಳುವ ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನ್ ಎಳೆಯೊಂದನ್ನು ಅವಳು ಕಟ್ಟಿದ್ದಳು. ಅದರ ತುದಿಗೊಂದು ಬಣ್ಣ. ಮಂಪರಿನಲ್ಲಿರುವ ಇಲಿಯ ಮೇಲೆ ಕೆಂಪು ಬೆಳಕು ಬಿಟ್ಟರೆ ಆ ಬಣ್ಣ ಹೊಳೆಯುತ್ತದೆ; ಹೊಟ್ಟೆ ಕೊಯ್ಯದೆಯೇ ಒಳಗಿನ ಗಡ್ಡೆ ಕ್ಯಾಮೆರಾಕ್ಕೆ ಕಾಣುತ್ತದೆ. ಹೊಸ ವರ್ಷದ ನೌರೂಜ್ ಹಬ್ಬದ ರಜೆ ಮುಗಿದೊಡನೆ ಕೊನೆಯ ಪರೀಕ್ಷೆ. ಅದು ಸೋತರೆ ಕೆಲಸವನ್ನೇ ನಿಲ್ಲಿಸುವುದೆಂದು ಮುಖ್ಯಸ್ಥರು ಹೇಳಿದ್ದರು.

ಪರೀಕ್ಷೆಯ ದಿನ ಇಲಿಯ ಹೊಟ್ಟೆಯೆಲ್ಲ ಶಾಹ್ ಚೆರಾಗ್ ದರ್ಗಾದ ಕನ್ನಡಿಗೋಡೆಯಂತೆ ಝಗಝಗಿಸಿತು. ಗಡ್ಡೆ ಯಾವುದು, ಕರುಳು ಯಾವುದು, ತಿಳಿಯಲಿಲ್ಲ. ಪೆಪ್ಟೈಡ್ ಸಿಕ್ಕಸಿಕ್ಕಲ್ಲಿ ಅಂಟಿದೆಯೆಂದು ಫರ್ನೂಷ್ ಕುಸಿದು ಕುಳಿತಳು. ಆದರೂ ಕ್ರಮ ತಪ್ಪಿಸಬಾರದೆಂದು, ಪೆಪ್ಟೈಡನ್ನೇ ಕೊಡದಿದ್ದ ಇನ್ನೊಂದು ಇಲಿಯನ್ನು ಬೆಳಕಿಗಿಟ್ಟಳು. ಅದರ ಹೊಟ್ಟೆಯೂ ಹೊಳೆಯಿತು. ಇವು ಏನು ತಿಂದಿವೆಯೆಂದು ಅವಳು ಎಲ್ಲರನ್ನೂ ಕೇಳಿದಳು.

ಚಹಾ ಹಿಡಿದು ಬಂದ ತೂಬಾ ಬಾಗಿಲಲ್ಲೇ ನಿಂತರು. ಹೊರಗಿನ ತಿನಿಸು ಕೊಟ್ಟವರಿಗೆ ಅಲ್ಲಿ ಕೆಲಸವಿಲ್ಲ. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಖಾನುಮ್ ಡಾಕ್ಟರ್, ಅದು ನಂದೇ ಕೆಲಸ. ಹಬ್ಬಕ್ಕೆ ಗೋಧಿ ಪೈರು ಬೆಳೆಸುವಾಗ ಇವಕ್ಕೂ ಒಂದು ತಟ್ಟೆ ಬೆಳೆಸಿದ್ದೆ. ನೀವೆಲ್ಲ ಊರಿಗೆ ಹೋಗಿದ್ರಿ. ಹೊಸ ವರ್ಷ ಅವಕ್ಕೂ ಬರಲ್ವಾ ಅನ್ನಿಸ್ತು."

"ಹಬ್ಬದ ಹದಿಮೂರನೇ ದಿನ ನೀರಿಗೆ ಬಿಡೋ ಪೈರನ್ನ ಕೊಟ್ರಾ?"

"ತೌಬಾ! ಮನೆ ಕೇಡೆಲ್ಲ ಹೀರಿರೋದನ್ನ ಮಕ್ಕಳಿಗೆ ಕೊಡ್ತೀನಾ? ಇವರದ್ದು ಬೇರೆ ತಟ್ಟೆ."

ಫರ್ನೂಷ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎಲೆಯ ಹಸಿರು ಆ ಬೆಳಕಿನಲ್ಲಿ ತಾನೇ ಹೊಳೆಯುತ್ತದೆ, ತಪ್ಪು ಪೆಪ್ಟೈಡಿನದಲ್ಲದಿರಬಹುದು. ಮುಖ್ಯಸ್ಥರು ತೂಬಾರನ್ನು ತೆಗೆದುಹಾಕಲು ಹೊರಟಾಗ, ಅವರು ಬಾಯಿಬಿಡದಿದ್ದರೆ ತಾನು ಇಂದೇ ಎಲ್ಲವನ್ನೂ ಮುಚ್ಚಿಬಿಡುತ್ತಿದ್ದೆನೆಂದು ವಾದಿಸಿ, ಇನ್ನೊಂದು ಪರೀಕ್ಷೆಗೆ ಒಪ್ಪಿಗೆ ಪಡೆದಳು.

ಇಲಿಗಳ ಹೊಟ್ಟೆ ತಿಳಿಯಾಗುವವರೆಗೆ ಹಸಿರಿಲ್ಲದ ಬಿಳಿಯ ಮೇವು ಮಾತ್ರ. ಅದನ್ನು ಹಾಕುವಾಗ ತೂಬಾ ಅವುಗಳ ಮುಖ ನೋಡುತ್ತಿರಲಿಲ್ಲವಂತೆ.

ಎರಡನೆಯ ಪರೀಕ್ಷೆಗೆ ಫರ್ನೂಷ್ ತೂಬಾರನ್ನು ಕೈಹಿಡಿದು ಕರೆದೊಯ್ದಳು. ಪರದೆಯ ಮೇಲೆ ಇಲಿಯ ಹೊಟ್ಟೆ ಕತ್ತಲೆ. ಒಂದು ಮೂಲೆಯಲ್ಲಿ ಮಾತ್ರ ಮಸೂರ ಬೇಳೆಯಷ್ಟು ಬೆಳಕು.

"ಇದೊಂದೇನಾ?" ಎಂದು ತೂಬಾ ಅನುಮಾನದಿಂದ ಕೇಳಿದರು.

"ಒಂದೇ ಇರಬೇಕಾಗಿದ್ದು, ತೂಬಾ ಜಾನ್."

"ಮನುಷ್ಯರಲ್ಲೂ ಇಷ್ಟು ಚಿಕ್ಕದಿರುವಾಗ್ಲೇ ಕಂಡ್ರೆ?"

"ಪೂರ್ತಿ ತೆಗೀಬಹುದು. ಅಲ್ಲೀವರೆಗೆ ಇನ್ನೂ ದಾರಿ ಇದೆ."

ಮುಖ್ಯಸ್ಥರು ಕನ್ನಡಕ ಒರೆಸಿಕೊಂಡು ಚಿತ್ರವನ್ನು ಮತ್ತೊಮ್ಮೆ ನೋಡಿದರು. ಕೆಲಸ ಮುಂದುವರಿಯಲಿ ಎಂದರು.