ಪ್ಲಾಸ್ಟರಕ್ಕನ ದಪ್ಪ ಗಾಲಿಯ ಸೈಕಲ್ಲು

ಮೂಳೆ ಆಸ್ಪತ್ರೆ ಇದ್ದದ್ದು ಗುಡ್ಡದ ನೆತ್ತಿಯಲ್ಲಿ. ಅಲ್ಲಿ ಮುರಿದ ಕೈಕಾಲುಗಳಿಗೆ ಪ್ಲಾಸ್ಟರ್ ಹಾಕುತ್ತಿದ್ದವಳನ್ನು ಊರೆಲ್ಲ ಪ್ಲಾಸ್ಟರಕ್ಕ ಎಂದೇ ಕರೆಯುತ್ತಿತ್ತು. ಗುಡ್ಡ ಹತ್ತಲೆಂದೇ ಮಾಡಿದ, ದಪ್ಪ ಗಾಲಿಯ ಗೇರ್ ಸೈಕಲ್ಲು ಊರಿಗೆ ಮೊದಲ ಸಲ ಬಂದಾಗ ಅಂಗಡಿಯ ಗಾಜಿನಾಚೆ ನಿಂತು ನೋಡಿದವರು ಬಹಳ ಮಂದಿ, ಕೊಂಡವಳು ಅವಳೊಬ್ಬಳೇ. ಅದು ಗಂಡುಹುಡುಗರ ಸೈಕಲ್ಲು, ಮುಂದೆ ಬುಟ್ಟಿ ಇರುವುದು ಬೇರೆಯಿದೆ ಎಂದು ಅಂಗಡಿಯವನು ಇನ್ನೊಂದು ಮೂಲೆಗೆ ಕೈ ತೋರಿಸಿದ. ಸೀಟು ತನ್ನ ಸೊಂಟದೆತ್ತರಕ್ಕೆ ಇಳಿಸಿಕೊಡಿ ಎಂದು ಹೇಳಿ ಅವಳು ಮಾತು ಮುಗಿಸಿದಳು.

ಮನೆಯಲ್ಲಿ ತಾಯಿ ಹಣೆ ಚಚ್ಚಿಕೊಂಡಳು. ಬಿದ್ದು ಮೂಳೆ ಮುರಿದುಕೊಂಡರೆ ಗತಿಯೇನು ಎಂಬುದು ಅವಳ ಚಿಂತೆ.

"ಮುರಿದ್ರೆ ಕಟ್ಟೋಕೆ ಬರುತ್ತಲ್ಲಮ್ಮ ನಂಗೆ," ಎಂದಳು ಮಗಳು.

ಈಗಿನವುಗಳ ಹಾಗೆ ಕುಲುಕು ನುಂಗುವ ಸ್ಪ್ರಿಂಗು ಅದಕ್ಕಿರಲಿಲ್ಲ. ಕಲ್ಲಿನ ಮೇಲೆ ಹಾದರೆ ಕಲ್ಲಿನ ಜಾತಕವೆಲ್ಲ ಮುಂಗೈಗೆ ತಿಳಿಯುತ್ತಿತ್ತು. ಹೆಬ್ಬೆರಳಿನಿಂದ ತಳ್ಳುವ ಗೇರಿನ ಹಿಡಿಗೆ ಎಲ್ಲಿ ನಿಲ್ಲಬೇಕೆಂಬ ಗುರುತೇ ಇಲ್ಲ. ಚೈನು ಗೊಣಗುವುದನ್ನು ಬಿಡುವವರೆಗೆ ಕೂದಲೆಳೆಯಷ್ಟು ಆಚೀಚೆ ಸರಿಸುತ್ತಿರಬೇಕು. ಒದ್ದೆ ಪ್ಲಾಸ್ಟರ್ ಗಟ್ಟಿಯಾಗುವ ಗಳಿಗೆಯನ್ನು ಅಂಗೈಯಲ್ಲೇ ಅರಿಯುತ್ತಿದ್ದವಳಿಗೆ ಅದು ಬೇಗ ಒಲಿಯಿತು. ಸಣ್ಣ ಗೇರಿಗೆ ಹಾಕಿ, ಸೀಟು ಬಿಡದೆ ತುಳಿದರೆ ಸಾಕು, ಏರು ತಾನಾಗಿ ಹಿಂದೆ ಸರಿಯುತ್ತಿತ್ತು.

ಅದೇ ಏರಿನಲ್ಲಿ ಬೆಳಗಿನ ಬಸ್ಸೂ ಹತ್ತುತ್ತಿತ್ತು. ಏದುಸಿರು ಬಿಡುವ ಮುದಿ ಬಸ್ಸು. ಕೊನೆಯ ತಿರುವಿನಲ್ಲಿ ಅದು ಗೇರು ಸಿಗದೆ ಒದ್ದಾಡುವಾಗ ಅವಳು ಪಕ್ಕದಲ್ಲಿ ನುಸುಳಿ ಮುಂದೆ ಹೋಗುವಳು. ಪ್ರಯಾಣಿಕರು ಕಿಟಕಿಯಿಂದ ಕತ್ತು ಚಾಚುವರು. ಸ್ಟೀರಿಂಗ್ ಬಿಟ್ಟು ಅಕ್ಕನ ಹಿಂದೆ ಕೂತುಕೋ, ಬೇಗ ಮುಟ್ಟುತ್ತೀಯ ಎಂದು ಕಂಡಕ್ಟರ್ ಡ್ರೈವರನ ಕಾಲೆಳೆಯುವನು. ಡ್ರೈವರ್ ಆದರೂ ಎಷ್ಟೆಂದು ಸಹಿಸಿಯಾನು? ಒಂದು ದಿನ ಬಸ್ಸು ನಿಲ್ಲಿಸಿದವನೇ ಆಸ್ಪತ್ರೆಯ ಅಂಗಳಕ್ಕೆ ಬಂದು, ಒಂದೇ ಒಂದು ಸುತ್ತು ಕೊಡಿ ಎಂದು ಕೇಳಿದ.

ಬ್ರೇಕು ಮೆಲ್ಲಗೆ ಹಿಡಿಯಿರಿ ಎಂದು ಅವಳು ಹೇಳುತ್ತಿರುವಾಗಲೇ ಅವನು ಇಳಿಜಾರಿಗೆ ಬಿಟ್ಟಾಗಿತ್ತು. ಗೇಟಿನ ಹತ್ತಿರ, ಬಸ್ಸನ್ನೇ ನಿಲ್ಲಿಸುವವನಂತೆ, ಮೈಯ ಬಲವನ್ನೆಲ್ಲ ಹಾಕಿ ಎರಡೂ ಬ್ರೇಕು ಅದುಮಿದ. ಸೈಕಲ್ಲು ನಿಂತಿತು, ಅವನು ನಿಲ್ಲಲಿಲ್ಲ.

ಮಣಿಕಟ್ಟು ಮುರಿದಿತ್ತು. ಡಾಕ್ಟರು ಮೂಳೆ ಕೂರಿಸಿದ ಮೇಲೆ ಅವಳು ಪಟ್ಟಿ ನೆನೆಸಿ ಸುತ್ತತೊಡಗಿದಳು. ಅವನು ನೋವಿಗೆ ಬೈಯಬಹುದು, ಇಲ್ಲವೇ ತಪ್ಪನ್ನೆಲ್ಲ ಸೈಕಲ್ಲಿನ ಮೇಲೆ ಹೇರಬಹುದು ಎಂದುಕೊಂಡಿದ್ದಳು. ಅವನು ತಗ್ಗಿದ ದನಿಯಲ್ಲಿ, ಸೈಕಲ್ಲಿಗೇನೂ ಆಗಲಿಲ್ಲ ತಾನೆ ಎಂದು ವಿಚಾರಿಸಿದ. ಆಗಲೇ ಅವಳು ಅವನ ಮುಖವನ್ನು ಸರಿಯಾಗಿ ನೋಡಿದ್ದು.

"ನಂಗೂ ಹೇಳ್ಕೊಡ್ತೀರಾ? ಈ ಸಲ ಹೇಳಿದ್ದು ಕೇಳ್ತೀನಿ," ಎಂದ.

"ಮೊದಲು ಕೈ ಕೂಡ್ಲಿ. ಆಮೇಲೆ ನೋಡೋಣ."

ಕೈ ಕೂಡಿತು. ನೀರಿನ ಟ್ಯಾಂಕಿನ ಹಿಂದಿನ ಮಣ್ಣುದಾರಿಯಲ್ಲಿ ಪಾಠ ಶುರುವಾಯಿತು. ಪೆಡಲಿನ ಮೇಲೆ ಎದ್ದು ನಿಂತು, ಸೊಂಟ ಹಿಂದಕ್ಕೆ ಸರಿಸಿ, ಜಲ್ಲಿಕಲ್ಲು ಸಿಡಿಯುವ ಇಳಿಜಾರಿನಲ್ಲಿ ಅವಳು ಜಾರಿ ಹೋಗುವುದನ್ನು ಅವನು ಬಾಯಿ ತೆರೆದು ನೋಡುತ್ತಿದ್ದ. ಆ ಇಳಿತದ ಗಾಳಿಯನ್ನು ನೆನೆದರೆ ಇಂದಿಗೂ ಅವಳ ಕೆನ್ನೆ ತಣ್ಣಗಾಗುತ್ತದೆ. ಪಾಠ ಮುಗಿಯುವಷ್ಟರಲ್ಲಿ ಮದುವೆಯ ಮಾತೂ ಮುಗಿದಿತ್ತು. ಅಳಿಯನ ಕೈ ಮುರಿದವಳು ಮಗಳೇ ಎಂದು ತಾಯಿ ನೆಂಟರಿಗೆಲ್ಲ ಹೇಳಿ ನಗಿಸಿದಳು.

ಆಮೇಲೆ ಟೈರು, ಚೈನು, ಬ್ರೇಕು ಎಷ್ಟು ಸಲ ಬದಲಾದವೋ. ಚೌಕಟ್ಟು ಮಾತ್ರ ಅದೇ ಉಳಿಯಿತು. ಅವಳು ನಿವೃತ್ತಳಾದ ದಿನ ಸಹೋದ್ಯೋಗಿಗಳು ಮನೆಗೆ ಬಿಡಲು ಜೀಪು ತಂದು ನಿಲ್ಲಿಸಿದರು. ಅವಳು ಹೂಗುಚ್ಛ, ಉಡುಗೊರೆಗಳ ಜೊತೆ ಗಂಡನನ್ನೂ ಅದರಲ್ಲಿ ಕೂರಿಸಿ, ತಾನು ಸೈಕಲ್ಲೇರಿ ಮಣ್ಣುದಾರಿ ಹಿಡಿದಳು. ಜೀಪು ಮನೆ ಮುಟ್ಟಿದಾಗ ಅವಳು ಮುಖ ತೊಳೆದು, ಎಲ್ಲರಿಗೂ ಚಹಾಕ್ಕೆ ನೀರಿಟ್ಟಿದ್ದಳು.