ಹೊಡೆದುಹಾಕಿದ ಸೊನ್ನೆಗಳು

ಮೊನ್ನೆ ಹುಮನಾಬಾದಿನ ಗ್ಯಾಸ್ ಅಂಗಡಿಯಲ್ಲಿ ಕುಳಿತಿದ್ದ ಹೆಣ್ಣುಮಗಳು ನನ್ನ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟಳು. ಪ್ರತಿ ಸೊನ್ನೆಯ ಮೇಲೂ ಒಂದು ಓರೆಗೆರೆ. ಸಿಲಿಂಡರಿನ ಮಾತು ಬಿಟ್ಟು ಆ ಗೆರೆಗಳನ್ನೇ ನೋಡುತ್ತ ನಿಂತೆ. ನಗಬೇಡಿ, ನನ್ನ ಹಳೆಯ ತಪ್ಪೊಂದು ಅಲ್ಲಿ ಸಾಲಾಗಿ ಕುಳಿತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಹುಮನಾಬಾದಿನಲ್ಲಿ ಒಬ್ಬ ಮಾಸ್ತರರು ಬಾಡಿಗೆ ಕೋಣೆಯಲ್ಲಿ ಒಂದೇ ಒಂದು ಕಂಪ್ಯೂಟರ್ ಇಟ್ಟು ಕ್ಲಾಸ್ ತೆರೆದರು. ಚಪ್ಪಲಿ ಹೊರಗೆ ಬಿಟ್ಟು, ಗುಡಿಗೆ ಹೋದಂತೆ ಒಳಗೆ ಹೋಗುವ ಕಾಲ. ನಮ್ಮ ಘಾಟಬೋರಾಳದಿಂದ ಅಲ್ಲಿಗೆ ಹೋಗಲು ಹಟ ಹಿಡಿದವಳು ತಂಗಿ ಜಗದೇವಿ, ಹತ್ತನೆಯ ತರಗತಿ ಪಾಸಾದವಳು. ಅಪ್ಪ ಕಳಿಸಿದ್ದು ನನ್ನನ್ನು, ಏಳನೆಯದಕ್ಕೇ ಶಾಲೆಗೆ ಕೈಮುಗಿದವನನ್ನು.

"ದಿನಾ ಬಸ್ಸಿನ್ಯಾಗ ಹುಡುಗಿ ಒಬ್ಬಾಕೇ ಹ್ಯಾಂಗ ಹೋಗ್ತಾಳ? ಅಂವ ಕಲ್ತು ಬಂದು ಹೇಳ್ತಾನ," ಎಂದ ಅಪ್ಪ.

ಹೇಳಲು ನನಗೇನು ತಿಳಿದಿತ್ತು? ಬೋರ್ಡಿನ ಮೇಲಿದ್ದದ್ದನ್ನು ರಂಗೋಲಿಯಂತೆ ವಹಿಗೆ ಇಳಿಸಿಕೊಂಡು ಬರುತ್ತಿದ್ದೆ. ಆ ವಹಿ ಓದಿ ಕಲಿತವಳು ಅವಳು. ‘ಎ ಎಂದರೆ ಎ ಕೂಡಿಸು ಒಂದು’ ಎಂಬ ಸಾಲು ಕಂಡು ನಾನು, "ಮಾಸ್ತರಗ ಲೆಕ್ಕಾನೇ ಬರಂಗಿಲ್ಲ" ಎಂದೆ. ಅವಳು ಒಂದು ಬಟ್ಟಲಿಗೆ ಎ ಎಂದು ಹೆಸರಿಟ್ಟು ಜೋಳದ ಕಾಳು ಹಾಕಿದಳು.

"ಇದ್ದದ್ದರಾಗ ಇನ್ನೊಂದು ಹಾಕು. ಬಟ್ಟಲು ಅದೇ. ಇಷ್ಟೇ ಅದ ಅಣ್ಣಾ."

ಅಪ್ಪ ನಕ್ಕ. "ಕ್ಲಾಸಿಗೆ ಹೋಗಾಂವ ಒಬ್ಬ, ಮಾಸ್ತರಕಿ ಮಾಡಾಕಿ ಒಬ್ಬಾಕಿ! ಜಗಾ, ವಹಿಯಾಗಿನ ಒಂದು ಲೆಕ್ಕ ಪೂರಾ ಮಾಡಿ ತೋರ್ಸು, ನೀನೂ ಹೋಗಿ ಆ ಮಷೀನ್ ಮುಂದ ಕುಂತು ಬಾ."

ಆ ನಗೆ ನನಗೆ ಚುಚ್ಚಿತು.

ಅವಳು ಹಿಡಿದದ್ದು ಐದು ಕಾಳು ಎಣಿಸಿ ನಿಲ್ಲುವ ಪ್ರೋಗ್ರಾಂ. ವಹಿಯ ಸಾಲುಗಳಂತೆ ಬಟ್ಟಲಿಗೆ ಕಾಳು ಹಾಕುತ್ತ ಹೋದರೆ ಅದು ನಿಲ್ಲಲೇ ಇಲ್ಲ. ಐದಾದ ಮೇಲೆ ಒಂದನೆಯ ಸಾಲಿಗೆ ಹೋಗು ಎಂದು ನನ್ನ ವಹಿ ಹೇಳುತ್ತಿತ್ತು. ಹೋದರೆ ಬಟ್ಟಲು ಖಾಲಿ ಮಾಡಿ ಮತ್ತೆ ಶುರು.

ಅದೇ ವಾರ ಮಾಸ್ತರರು ನನ್ನ ವಹಿ ತಿರುವಿ ನಕ್ಕರು. "ಏನ್ರಿ, ಸೊನ್ನೆ ಎಲ್ಲಾ ನುಂಗೀರೇನು?" ಸೊನ್ನೆಯನ್ನು ಇಂಗ್ಲಿಷಿನ ‘ಓ’ ಎಂದುಕೊಳ್ಳಬಾರದೆಂದು ಅವರು ಓರೆಗೆರೆ ಹಾಕುತ್ತಿದ್ದರಂತೆ. ನಮ್ಮೂರ ಶಾಲೆಯಲ್ಲಿ ಗೆರೆ ಬಿತ್ತೆಂದರೆ ತಪ್ಪು, ಬರೆಯಬೇಡ ಎಂದರ್ಥ. ನಾನು ಅವನ್ನೆಲ್ಲ ಬಿಟ್ಟುಬಿಟ್ಟಿದ್ದೆ. ಮಾಸ್ತರರು ಸಾಲುಗಳಿಗೆ ಹತ್ತು, ಇಪ್ಪತ್ತು ಎಂದು ನೂರರವರೆಗೆ ನಂಬರು ಹಾಕುತ್ತಿದ್ದರು; ‘ನಿಲ್ಲು’ ಎನ್ನುವ ಕೊನೆಯ ನೂರನೆಯ ಸಾಲು ನನ್ನ ವಹಿಯಲ್ಲಿ ಒಂದನೆಯದಾಗಿತ್ತು.

ಮನೆಗೆ ಬಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಎಂಟು ದಿನ ಅವಳು ಕಾಳು ಎಣಿಸಿದಳು, ನಾನು ಪಕ್ಕದಲ್ಲೇ ಕುಳಿತು ರೊಟ್ಟಿ ತಿಂದೆ. ಎಂಟನೆಯ ದಿನ, "ಕ್ಲಾಸಿಲ್ಲದ ಇದು ಬರಂಗಿಲ್ಲ ಕಾಣ್ತದ," ಎಂದು ಕಾಳನ್ನು ಮತ್ತೆ ಡಬ್ಬಿಗೆ ಸುರಿದಳು. ಆಗಲೂ ಬಾಯಿ ಬಿಡಲಿಲ್ಲ.

ಮರುದಿನ ಮುಂಜಾನೆ ವಹಿ ಹಿಡಿದು ಓಡಿ ಬಂದಳು. "ಅಣ್ಣಾ, ಒಂಬತ್ತನೇ ಸಾಲಿನ ಮುಂದ ಮತ್ತ ಒಂದ್ಯಾಕ ಬರ್ತದ? ಹತ್ತು ಇರಬೇಕು! ವಹಿ ತುಂಬ ಒಂದೂ ಸೊನ್ನೆ ಇಲ್ಲಲ್ಲೋ!"

ಅವಳ ಲೆಕ್ಕದಲ್ಲಿ ಅದು ಹತ್ತು, ಮಾಸ್ತರರದರಲ್ಲಿ ನೂರು. ಹುಮನಾಬಾದಿಗೆ ಕರೆದೊಯ್ದು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಹತ್ತು ಎಂದೇ ಹಾಕಿದಳು. ಮಷೀನು ಐದರವರೆಗೆ ಎಣಿಸಿ ನಿಂತಿತು. ಆಮೇಲೆ ಆ ಕುರ್ಚಿ ಅವಳದೇ ಆಯಿತು, ಬಸ್ಸಿನಲ್ಲಿ ಜೊತೆಗೆ ಹೋಗುವುದಷ್ಟೇ ನನ್ನ ಪಾಲಿಗೆ. ಅಪ್ಪ, ಊರು ಎಲ್ಲರೂ ನನ್ನನ್ನು ದೊಡ್ಡ ಮನಸ್ಸಿನವನು ಎಂದರು. ಆ ಹೊಗಳಿಕೆಯನ್ನೂ ನುಂಗಿದೆ.

ಈಗ ಅವಳು ಬಸವಕಲ್ಯಾಣದಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಮೊನ್ನೆ ಫೋನ್ ಮಾಡಿ ಎಲ್ಲ ಹೇಳಿದೆ.

"ಎಂಟು ದಿನ ನಾ ದಡ್ಡಿ ಅಂತ ತಿಳ್ಕೊಂಡಿದ್ದೆ. ಖರೇನ ಗೊತ್ತಿತ್ತೇನೋ ನಿನಗ?"

"ಗೊತ್ತಿತ್ತವ್ವಾ."

"ಒಬ್ಬಾಕೇ ಕಲೀಬಹುದು ಅಣ್ಣಾ. ಆದ್ರ ತೊಡಕು ಬಂದಾಗ ಖರೇ ಹೇಳಾವ್ರು ಒಬ್ರು ಇರಬೇಕು. ಸೋಮವಾರ ಹೊಸ ಹುಡುಗ್ಯಾರು ಬರ್ತಾರ. ನೀ ಬಂದು ಅವರ ಮುಂದ ಇದನ್ನ ಹೇಳು. ಮಾಫಿ ಆಮ್ಯಾಲ ನೋಡೋಣು."

ಇಂದು ಸೋಮವಾರ. ಬಸವಕಲ್ಯಾಣದ ಬಸ್ಸಿನಲ್ಲಿ ಕುಳಿತು, ಹೇಳಬೇಕಾದ್ದನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದೇನೆ. ಕಂಡಕ್ಟರ್ ಬಗ್ಗಿ ನೋಡಿದ.

"ಯಾಕ್ರಿ ಕಾಕಾ, ಪರೀಕ್ಷಾ ಅದ ಏನು?"

"ಹೌದ್ರಿ," ಎಂದೆ.